ಗಿಡಗಳ ರೋಗ ಹುಡುಕಿದ ಡಿ ಬ್ಯಾರಿ

ಹಳೇ ರೊಟ್ಟಿ ಮೇಲೆ ಬೂಸ್ಟು ಬರುವುದನ್ನು ನಾವೆಲ್ಲಾ ನೋಡಿದ್ದೇವೆ. ಬೂಸ್ಟು, ಅಣಬೆ ಇವೆಲ್ಲಾ ಶಿಲೀಂಧ್ರಗಳು. ಗಿಡಗಳಿಗೆ ಇವುಗಳಿಂದ ರೋಗ ಬರುತ್ತದೆ ಅಂತ ತೋರಿಸಿಕೊಟ್ಟ ದೊಡ್ಡ ವಿಜ್ಞಾನಿ ಆಂಟನ್ ಡಿ ಬ್ಯಾರಿ. ಅವರ ಜೀವನ ಚರಿತ್ರೆಯನ್ನು ನಾನು ಬರೆದಿದ್ದೇನೆ.

ಡಿ ಬ್ಯಾರಿಯವರು 1831ನೇ ಇಸವಿ ಜನವರಿ 26ರಂದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದರು. ತಂದೆ ಡಾಕ್ಟರು. ಇವರು ಹುಡುಗನಾಗಿದ್ದಾಗಲೇ ಗಿಡ ಸಂಗ್ರಹಿಸುವವರ ಜೊತೆ ಊರಾಚೆ ತಿರುಗುತ್ತಿದ್ದರು. ಮುಂದೆ ಡಾಕ್ಟರ್ ಓದಿ 1853ರಲ್ಲಿ ಪಾಸಾದರು. ಅದೇ ವರ್ಷ ಗಿಡಗಳ ತುಕ್ಕು ರೋಗ, ಕಾಡಿಗೆ ರೋಗಗಳ ಮೇಲೆ ಒಂದು ಪುಸ್ತಕ ಬರೆದರು. ಆಗ ಅವರಿಗೆ ಬರೀ 22 ವರ್ಷ! ಸ್ವಲ್ಪ ಕಾಲದಲ್ಲೇ ಡಾಕ್ಟರ್ ಕೆಲಸ ಬಿಟ್ಟು ಸಸ್ಯಶಾಸ್ತ್ರದ ಪ್ರೊಫೆಸರ್ ಆದರು.

ಗಿಡ ಮೊದಲು ತಾನಾಗೇ ಕೊಳೆಯುತ್ತದೆ, ಆಮೇಲೆ ಆ ಕೊಳೆಯಿಂದ ಬೂಸ್ಟು ಹುಟ್ಟುತ್ತದೆ ಅಂತ ಆಗ ಬಹಳ ಜನ ನಂಬಿದ್ದರು. 1845ರಲ್ಲಿ ಐರ್ಲೆಂಡ್ ದೇಶದ ಆಲೂಗಡ್ಡೆಗೆ ರೋಗ ಬಂತು. ಅಲ್ಲಿನ ಬಡವರಿಗೆ ಆಲೂಗಡ್ಡೆಯೇ ಊಟ. ದೊಡ್ಡ ಬರಗಾಲವಾಗಿ ಸುಮಾರು 10 ಲಕ್ಷ ಜನ ಸತ್ತುಹೋದರು. ಕಾರಣ ಮಾತ್ರ ಪೂರ್ತಿ ತೀರ್ಮಾನವಾಗಿರಲಿಲ್ಲ. 1861ರಲ್ಲಿ ಡಿ ಬ್ಯಾರಿಯವರು ಆ ರೋಗದ ಬೀಜಕಣಗಳನ್ನು ಚೆನ್ನಾಗಿದ್ದ ಗಿಡಗಳ ಒದ್ದೆ ಎಲೆ ಮೇಲೆ ಹಾಕಿ ನೋಡಿದರು. ಹಾಕಿದ ಗಿಡಗಳಿಗೆ ರೋಗ ಬಂತು, ಹಾಕದೇ ಬಿಟ್ಟವಕ್ಕೆ ಬರಲಿಲ್ಲ. ರೋಗ ಹೊರಗಿನಿಂದ ಬರುತ್ತದೆ ಅಂತ ಗೊತ್ತಾಯಿತು.

ಗಿಡದ ಒಳಗೇ ವಾಸ ಮಾಡುವ ಜೀವಿಗಳಿಗೆ ಅವರು 1866ರಲ್ಲಿ ಎಂಡೋಫೈಟ್ ಅಂತ ಹೆಸರು ಕೊಟ್ಟರು. ಒಳಗಿದ್ದವೆಲ್ಲಾ ಕೆಟ್ಟವಲ್ಲ. ತಣ್ಣನೆ ದೇಶಗಳ ಪೈನ್ ಮರದ ಎಲೆ ಸೂಜಿ ತರಹ ಇರುತ್ತದೆ. ಆ ಹಸಿರು ಸೂಜಿಯೊಳಗೆ ಲೋಫೋಡರ್ಮಿಯಂ ಎಂಬ ಶಿಲೀಂಧ್ರ ಸುಮ್ಮನೆ ಅಡಗಿರುತ್ತದೆ. ಮರಕ್ಕೆ ಏನೂ ಆಗುವುದಿಲ್ಲ. ಎಲೆ ಉದುರಿದ ಮೇಲೆ ಅದರ ಕಪ್ಪು ಚುಕ್ಕೆಗಳು ಕಾಣುತ್ತವೆ. ಆದರೆ ಅದರದೇ ಇನ್ನೊಂದು ಜಾತಿ ಪೈನ್ ಸಸಿಗಳ ಎಲೆ ಉದುರಿಸಿ ಕೊಂದೇ ಬಿಡುತ್ತದೆ. ನೋಡಲು ಅಣ್ಣತಮ್ಮಂದಿರು, ಗುಣ ಬೇರೆ!

ಆಲೂಗಡ್ಡೆ ರೋಗದ ಜೀವಿಗೆ ಡಿ ಬ್ಯಾರಿಯವರು 1876ರಲ್ಲಿ ಫೈಟಾಫ್ತೊರ ಅಂತ ಹೆಸರಿಟ್ಟರು. ಗಿಡ ನಾಶ ಮಾಡುವುದು ಅಂತ ಅರ್ಥ. ಅದು ನಿಜವಾದ ಶಿಲೀಂಧ್ರ ಅಲ್ಲ ಎಂದು ಈಗಿನ ವಿಜ್ಞಾನ ಹೇಳುತ್ತದೆ. ನಮ್ಮ ಅಡಿಕೆಗೆ ಕೊಳೆರೋಗ ತರುವುದೂ ಇದೇ ವಂಶದ್ದು! ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಎಂಬ ವಿಜ್ಞಾನಿ 1910ರಲ್ಲಿ ಅದನ್ನು ಕುರಿತು ಬರೆದರು. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಔಷಧಿ, 1885ರಲ್ಲಿ ಫ್ರಾನ್ಸ್‌ನ ಮಿಲಾರ್ಡೆ ಅವರಿಂದ ಬಂತು. ಅವರು ಡಿ ಬ್ಯಾರಿಯವರ ಶಿಷ್ಯರು.

ಡಿ ಬ್ಯಾರಿಯವರು 1888ರ ಜನವರಿ 19ರಂದು ಸ್ಟ್ರಾಸ್‌ಬರ್ಗ್ ನಗರದಲ್ಲಿ ತೀರಿಕೊಂಡರು.

ನಮ್ಮ ತೋಟದಲ್ಲಿ ಹೋದ ಮಳೆಗಾಲ ಎಳೆಕಾಯಿ ರಾಶಿ ರಾಶಿ ಉದುರಿತು. ಮಳೆಗೆ ಕೊಳೆ ತಾನಾಗೇ ಹುಟ್ಟುತ್ತದೆ, ಏನು ಮಾಡಲಿಕ್ಕಾಗುತ್ತದೆ ಅಂತ ನಮ್ಮಜ್ಜ ಹೇಳುತ್ತಾರೆ. ತಾನಾಗೇ ಹುಟ್ಟುವುದಿಲ್ಲ, ಅದಕ್ಕೇ ಮಳೆ ಜೋರಾಗುವ ಮೊದಲೇ ಔಷಧಿ ಹೊಡೆಯಬೇಕು. ಉದುರಿದ ಕೊಳೆ ಕಾಯಿ ಹೆಕ್ಕಿ ಸುಡಬೇಕು. ಹೆಕ್ಕುವ ಕೆಲಸ ನಾವು ಮಕ್ಕಳೂ ಮಾಡಬಹುದು ಅಲ್ಲವಾ?