ಗೆದ್ದು ಸೋತ ಕಕ್ಷಿಗಾರ

ಚಾರ್ಲ್ಸ್ ಡಿಕನ್ಸನ ಕಾದಂಬರಿಗಳನ್ನು ನಾನು ಮೊದಲು ಓದಿದ್ದು ವಿನೋದಕ್ಕಾಗಿ. ಅಲ್ಲಿಯ ವಕೀಲರನ್ನೂ ಗುಮಾಸ್ತರನ್ನೂ ಕಂಡು ಮನಸಾರೆ ನಕ್ಕಿದ್ದೆ. ಅವನ ಬಾಳನ್ನು ಅರಿತ ಮೇಲೆ ಆ ನಗೆಯ ಹಿಂದೆ ಸೆರೆಮನೆಯೊಂದರ ಬಾಗಿಲು ಕಾಣತೊಡಗಿತು.

ಡಿಕನ್ಸನು ಹುಟ್ಟಿದುದು 1812ರಲ್ಲಿ. 1824ರಲ್ಲಿ ಅವನ ತಂದೆ, ರೊಟ್ಟಿಯಂಗಡಿಯವನಿಗೆ ಕೊಡಬೇಕಾಗಿದ್ದ 40 ಪೌಂಡು ಚಿಲ್ಲರೆ ಸಾಲವನ್ನು ತೀರಿಸಲಾರದೆ, ಲಂಡನ್ನಿನ ಮಾರ್ಷಲ್‌ಸೀ ಸೆರೆಮನೆಯನ್ನು ಸೇರಿದನು. ತಾಯಿಯೂ ಚಿಕ್ಕ ಮಕ್ಕಳೂ ಅಲ್ಲಿಗೇ ಹೋಗಿ ನೆಲಸಿದರು. ಹನ್ನೆರಡು ವರ್ಷದ ಚಾರ್ಲ್ಸನು ಬೂಟುಮಸಿಯ ಕಾರ್ಖಾನೆಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದನು. ದುಡಿಯಬಲ್ಲವನನ್ನು ಕೂಡಿಹಾಕಿ ಸಾಲ ತೀರಿಸೆನ್ನುವ ಕಾನೂನಿನ ವಿವೇಕವೆಂಥದು! ತಂದೆಗೆ ಕೆಲವೇ ತಿಂಗಳಲ್ಲಿ ಬಿಡುಗಡೆಯಾಯಿತು. ಮಗನ ಮನಸ್ಸಿಗೆ ಆಗಲಿಲ್ಲ.

ಮುಂದೆ 1827ರಲ್ಲಿ ಅವನು ವಕೀಲರ ಕಚೇರಿಯಲ್ಲಿ ಗುಮಾಸ್ತನಾದನು. ಬಳಿಕ ಶೀಘ್ರಲಿಪಿ ಕಲಿತು ನ್ಯಾಯಸ್ಥಾನದ ವರದಿಗಾರನಾದನು. 1844ರಲ್ಲಿ ತಾನೇ ಕಕ್ಷಿಗಾರನಾದನು. ತನ್ನ ‘ಎ ಕ್ರಿಸ್‌ಮಸ್ ಕ್ಯಾರೊಲ್’ ಕಥೆಯನ್ನು ಕದ್ದು ಅಚ್ಚುಹಾಕಿದವರ ಮೇಲೆ ಚಾನ್ಸರಿ ನ್ಯಾಯಸ್ಥಾನದಲ್ಲಿ ದಾವೆ ಹೂಡಿದನು. ತೀರ್ಪು ಅವನ ಪರವಾಯಿತು. ಆದರೆ ಪ್ರತಿವಾದಿಗಳು ದಿವಾಳಿಯೆದ್ದರು; ಸುಮಾರು 700 ಪೌಂಡು ಖರ್ಚು ಗೆದ್ದವನ ತಲೆಗೇ ಬಂದಿತು. ವ್ಯಾಜ್ಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಕೆ?

‘ಬ್ಲೀಕ್ ಹೌಸ್’ (1852–53) ಕಾದಂಬರಿಯಲ್ಲಿ ಈ ಅನುಭವ ಪಕ್ವವಾಗಿದೆ. ಅಲ್ಲಿ ತಲೆಮಾರುಗಳಿಂದ ನಡೆದ ಉಯಿಲಿನ ವ್ಯಾಜ್ಯವೊಂದು, ಆಸ್ತಿಯೆಲ್ಲ ಖರ್ಚಿಗೆ ಕರಗಿದಾಗ, ತಾನಾಗಿ ನಿಂತುಹೋಗುತ್ತದೆ. ತೀರ್ಪನ್ನೇ ನಂಬಿದ ತರುಣ ರಿಚರ್ಡನು ವೈದ್ಯ, ಕಾನೂನು, ಸೈನ್ಯ ಯಾವುದರಲ್ಲೂ ನೆಲೆಗೊಳ್ಳದೆ ಸಾಯುತ್ತಾನೆ. ಅವನನ್ನು ಚಪಲಚಿತ್ತನೆಂದು ನಾನು ಒಮ್ಮೆ ಹಳಿದಿದ್ದೆ. ಈಗ ಹಳಿಯಲಾರೆ. ಅವನನ್ನು ಕೊಂದವನು ಯಾವ ಒಬ್ಬ ದುಷ್ಟನೂ ಅಲ್ಲ. ಎಲ್ಲರೂ ತಂತಮ್ಮ ಕೆಲಸವನ್ನು ಕ್ರಮವಾಗಿ ಮಾಡುತ್ತಿದ್ದರು, ಅಷ್ಟೇ.

‘ಲಿಟ್ಲ್ ಡಾರಿಟ್’ (1855–57) ಬರೆಯುವಾಗ ಮಾರ್ಷಲ್‌ಸೀ ಮುಚ್ಚಿ ಹದಿಮೂರು ವರ್ಷ ಕಳೆದಿದ್ದವು. ಆದರೂ ಅದರ ವೃದ್ಧ ಕೈದಿ, ಬಿಡುಗಡೆಗೊಂಡು ಸಿರಿವಂತನಾದ ಮೇಲೂ, ರೋಮಿನ ಔತಣದ ನಡುವೆ ತಾನಿನ್ನೂ ಸೆರೆಯಲ್ಲೇ ಇರುವೆನೆಂದು ಭ್ರಮಿಸುತ್ತಾನೆ.

1869ರ ಶಾಸನವು ಸಾಲಕ್ಕಾಗಿ ಸೆರೆಯಿಡುವ ಪದ್ಧತಿಯನ್ನು ಬಹುಮಟ್ಟಿಗೆ ರದ್ದುಮಾಡಿತು. ಮರುವರ್ಷ ಡಿಕನ್ಸನು ತೀರಿಕೊಂಡನು. ತಂದೆಯ ಸೆರೆವಾಸವನ್ನು ಅವನು ಆಪ್ತರಿಗಲ್ಲದೆ ಲೋಕಕ್ಕೆ ತಿಳಿಸಿರಲಿಲ್ಲ. ಗೆಳೆಯ ಜಾನ್ ಫಾರ್ಸ್ಟರನ ಜೀವನಚರಿತ್ರೆಯಿಂದ ಓದುಗರು ಅದನ್ನರಿತದ್ದು ಅವನ ಮರಣಾನಂತರ. ಇಂಗ್ಲೆಂಡಿನ ಸೆರೆಮನೆಗಳನ್ನೆಲ್ಲ ತೆರೆದು ತೋರಿದವನು ಈ ಒಂದು ಬಾಗಿಲನ್ನು ಮಾತ್ರ ಕೊನೆಯವರೆಗೂ ಮುಚ್ಚಿಯೇ ಇಟ್ಟಿದ್ದನು.