ಎಂಜಿನಿಯರಿಂಗ್ ಓದಿ ಮೇಷ್ಟ್ರುಗಳ ಮೇಷ್ಟ್ರಾದ ಡೆಪ್ಯುಟಿ ಚನ್ನಬಸಪ್ಪ

ಎಂಜಿನಿಯರಿಂಗ್ ಓದಿ ಬೇರೆ ದಾರಿ ಹಿಡಿದವರು ಅಂದ ಕೂಡಲೇ ನಮಗೆ ನೆನಪಾಗೋದು ಸಿನಿಮಾದವರು, ಇಲ್ಲಾ ಐಎಎಸ್ ಕೋಚಿಂಗ್‌ಗೆ ಹೋದ ಸೀನಿಯರ್‌ಗಳು. ಆದರೆ ನೂರೈವತ್ತು ವರ್ಷಕ್ಕೂ ಹಿಂದೆಯೇ ಧಾರವಾಡದ ಯುವಕರೊಬ್ಬರು ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿತು, ಕೊನೆಗೆ ಶಿಕ್ಷಕರನ್ನು ತಯಾರು ಮಾಡುವ ಕೆಲಸಕ್ಕೆ ನಿಂತರು. ಅವರೇ ಡೆಪ್ಯುಟಿ ಚನ್ನಬಸಪ್ಪ. ಇವತ್ತು ಬಿ.ಎಡ್ ಓದುತ್ತಿರುವ ನಮ್ಮ ವಯಸ್ಸಿನವರು ಎಐ ಬಗ್ಗೆ ಕೇಳುತ್ತಿರುವ ಪ್ರಶ್ನೆಗಳಿಗೂ ಅವರ ಬದುಕಿಗೂ ಹತ್ತಿರದ ನಂಟಿದೆ. ಅದಕ್ಕೇ ಈ ಸಲ ಅವರ ಕಥೆ ಹೇಳೋಣ ಅಂತ ಹೊರಟಿದ್ದೇವೆ.

ಚನ್ನಬಸಪ್ಪನವರು ಹುಟ್ಟಿದ್ದು 1833ರಲ್ಲಿ, ಧಾರವಾಡದಲ್ಲಿ. ಆಗ ಕರ್ನಾಟಕ ಅನ್ನೋ ಒಂದು ರಾಜ್ಯವೇ ಇರಲಿಲ್ಲ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದ ಮೇಲೆ ಧಾರವಾಡ, ಬೆಳಗಾವಿಯ ಸೀಮೆ ಬ್ರಿಟಿಷರ ಮುಂಬಯಿ ಪ್ರಾಂತ್ಯದ ಪಾಲಾಗಿತ್ತು. ಕಚೇರಿಯ ಕಾಗದಪತ್ರವೆಲ್ಲ ಮರಾಠಿ. ಶಾಲೆಯಲ್ಲೂ ಹೆಚ್ಚಾಗಿ ಮರಾಠಿಯೇ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡ ಮಾತಾಡುವ ಮಗು ಶಾಲೆಯ ಹೊಸ್ತಿಲು ದಾಟಿದ ಕೂಡಲೇ ಬೇರೆ ಭಾಷೆಯಲ್ಲಿ ಲೆಕ್ಕ ಕಲಿಯಬೇಕಿತ್ತು. ಇದರಲ್ಲಿ ಮರಾಠಿಯ ತಪ್ಪೇನೂ ಇಲ್ಲ. ಆಡಳಿತಕ್ಕೆ ಯಾವುದು ಸುಲಭವೋ ಅದು ಮಕ್ಕಳ ತಲೆಯ ಮೇಲೆ ಬಂದು ಕೂತಿತ್ತು, ಅಷ್ಟೇ.

ಪುಣೆಯಲ್ಲಿ ಎಂಜಿನಿಯರಿಂಗ್ ಶಾಲೆ ಶುರುವಾಗಿದ್ದು 1854ರಲ್ಲಿ. ಸರ್ಕಾರದ ಲೋಕೋಪಯೋಗಿ ಕೆಲಸಗಳಿಗೆ ಆಳುಗಳು ಬೇಕಾಗಿದ್ದ ಕಾಲ ಅದು. ಎಂಜಿನಿಯರಿಂಗ್ ಕಲಿತವನಿಗೆ ಕೆಲಸ ಗ್ಯಾರಂಟಿ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಒಳ್ಳೇ ಪ್ಲೇಸ್‌ಮೆಂಟ್. ಚನ್ನಬಸಪ್ಪನವರು ಆ ದಾರಿಯಲ್ಲೇ ಹೋಗಿದ್ದರೆ ಎಲ್ಲೋ ಒಂದು ಸೇತುವೆಯ ಕಡತದಲ್ಲಿ ಅವರ ಹೆಸರು ಸಿಗುತ್ತಿತ್ತೋ ಏನೋ. ಅವರು ಮಾತ್ರ ಧಾರವಾಡಕ್ಕೆ ವಾಪಸ್ ಬಂದು ಶಿಕ್ಷಣದ ಕೆಲಸ ಹಿಡಿದರು.

ಅದೇ 1854ರಲ್ಲಿ ವುಡ್‌ನ ಶಿಕ್ಷಣ ಆದೇಶ ಹೊರಟಿತ್ತು. ಸಾಮಾನ್ಯ ಜನರ ಮಕ್ಕಳಿಗೆ ದೇಶಭಾಷೆಗಳಲ್ಲಿ ಪಾಠ ಆಗಬೇಕು, ಶಿಕ್ಷಕರಿಗೆ ತರಬೇತಿ ಕೊಡುವ ಶಾಲೆಗಳು ಬರಬೇಕು ಅನ್ನೋದು ಅದರ ಒಂದು ಮುಖ್ಯ ಅಂಶ. ಅಂಥ ತರಬೇತಿ ಶಾಲೆಗೆ ಆಗಿನ ಹೆಸರು ನಾರ್ಮಲ್ ಸ್ಕೂಲ್. ಧಾರವಾಡದ ನಾರ್ಮಲ್ ಸ್ಕೂಲಿಗೆ ಚನ್ನಬಸಪ್ಪನವರು ಮುಖ್ಯೋಪಾಧ್ಯಾಯರಾದರು.

ಇಲ್ಲೇ ಅವರ ಎಂಜಿನಿಯರ್ ಬುದ್ಧಿ ಕಾಣಿಸೋದು ಅಂತ ನಮಗನ್ನಿಸುತ್ತೆ. ಮಕ್ಕಳು ಕನ್ನಡದಲ್ಲಿ ಕಲಿಯಬೇಕು ಅಂತ ಮೇಲಿನಿಂದ ಆದೇಶ ತರಿಸಬಹುದು. ಆದರೆ ಕನ್ನಡದಲ್ಲಿ ಕಲಿಸಬಲ್ಲ ಮೇಷ್ಟ್ರೇ ಇಲ್ಲದಿದ್ದರೆ ಆ ಆದೇಶ ಗೋಡೆಗೆ ಅಂಟಿಸೋಕೆ ಮಾತ್ರ ಲಾಯಕ್ಕು. ಒಬ್ಬ ಮೇಷ್ಟ್ರು ತಯಾರಾದರೆ ಒಂದು ಊರಿನ ಮಕ್ಕಳು ವರ್ಷಾನುವರ್ಷ ಕಲಿಯುತ್ತಾರೆ. ಹಾಗಾಗಿ ಅವರು ಬುಡದಿಂದಲೇ ಶುರು ಮಾಡಿದರು: ತರಬೇತಿಗೆ ಬಂದ ಯುವಕರನ್ನು ಕನ್ನಡದಲ್ಲಿ ಪಾಠ ಹೇಳುವಂತೆ ಸಜ್ಜುಗೊಳಿಸಿದರು. ಶಿಕ್ಷಣ ಇಲಾಖೆಯ ಇಂಗ್ಲಿಷ್ ಅಧಿಕಾರಿ ರಸೆಲ್ ಅವರ ಬೆಂಬಲವೂ ಸಿಕ್ಕಿತು. ಒಂದೊಂದಾಗಿ ಮರಾಠಿ ಶಾಲೆಗಳು ಕನ್ನಡ ಶಾಲೆಗಳಾದವು, ಹೊಸ ಶಾಲೆಗಳೂ ತೆರೆದವು.

ಆಮೇಲೆ ಅವರು ಡೆಪ್ಯುಟಿ ಎಜುಕೇಷನಲ್ ಇನ್‌ಸ್ಪೆಕ್ಟರ್ ಆದರು. ಆ ಹುದ್ದೆಯೇ ಹೆಸರಿಗೆ ಅಂಟಿಕೊಂಡು ಜನರ ಬಾಯಲ್ಲಿ ಡೆಪ್ಯುಟಿ ಚನ್ನಬಸಪ್ಪ ಅಂತಲೇ ಉಳಿದುಬಿಟ್ಟಿತು. ಶಾಲೆಗಳನ್ನು ಸುತ್ತೋದು, ಮಕ್ಕಳ ಪರೀಕ್ಷೆ ನೋಡೋದು, ಹುಡುಗರನ್ನು ಶಾಲೆಗೆ ಕಳಿಸಿ ಅಂತ ಊರವರ ಮನವೊಲಿಸೋದು, ಇದೇ ಕೆಲಸ.

ಮೇಷ್ಟ್ರು ಸಿಕ್ಕರೂ ಓದಿಸೋಕೆ ಕನ್ನಡದಲ್ಲಿ ಪುಸ್ತಕ ಬೇಕಲ್ಲ? ಅದಕ್ಕೂ ಅವರು, ವೆಂಕಟ ರಂಗೋ ಕಟ್ಟಿಯವರಂಥ ಜೊತೆಗಾರರು ಕೈಹಾಕಿದರು. 1865ರಲ್ಲಿ ಬೆಳಗಾವಿಯಿಂದ ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ ಹೊರಟಿತು. ಮಠ ಅಂದರೆ ಆಗ ಶಾಲೆ ಅಂತಲೂ ಅರ್ಥ. ಇವತ್ತಿಗೂ ಧಾರವಾಡದಿಂದ ಬರುವ ‘ಜೀವನ ಶಿಕ್ಷಣ’ ಪತ್ರಿಕೆಯ ಬೇರು ಅಲ್ಲಿದೆ. 1871ರಲ್ಲಿ ಚನ್ನಬಸಪ್ಪನವರು ಶೇಕ್ಸ್‌ಪಿಯರ್‌ನ ‘ಕಾಮೆಡಿ ಆಫ್ ಎರರ್ಸ್’ ಅನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದರು. ಶೇಕ್ಸ್‌ಪಿಯರ್ ಕನ್ನಡಕ್ಕೆ ಬಂದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಹೊರಗಿನದು ಬೇಡ ಅಂತ ಅವರು ಬಾಗಿಲು ಹಾಕಿಕೊಂಡವರಲ್ಲ. ಬಂದದ್ದು ನಮ್ಮ ಮಾತಿಗೆ ಒಗ್ಗಬೇಕು, ಅಷ್ಟೇ ಅವರ ಹಟ.

ಐವತ್ತು ತುಂಬುವ ಮೊದಲೇ, 1881ರಲ್ಲಿ ಅವರು ತೀರಿಕೊಂಡರು. ಒಂಬತ್ತು ವರ್ಷದ ನಂತರ, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1956ರಲ್ಲಿ ಕನ್ನಡ ನಾಡು ಒಂದಾಯಿತು. ಅದಕ್ಕೆ ದನಿಯಾದ ಉತ್ತರ ಕರ್ನಾಟಕದ ಎಷ್ಟೋ ಜನ ಅಕ್ಷರ ಕಲಿತದ್ದು ಕನ್ನಡ ಶಾಲೆಯಲ್ಲಿ. ಅದರ ಹಿಂದೆ ನಾರ್ಮಲ್ ಸ್ಕೂಲಿನ ಮೇಷ್ಟ್ರುಗಳಿದ್ದರು.

ಈಗ ನಮ್ಮ ಕಾಲಕ್ಕೆ ಬರೋಣ. ಯಲಹಂಕ, ಆರ್‌ಟಿ ನಗರದ ಕಡೆ ಬಿ.ಎಡ್ ಮಾಡುತ್ತಿರುವ ಗೆಳೆಯ ಗೆಳತಿಯರ ಜೊತೆ ಎಐ ಬಗ್ಗೆ ಮಾತಾಡಿದರೆ ಒಂದೇ ಉತ್ತರ ಸಿಗಲ್ಲ. ರಾತ್ರಿಯೆಲ್ಲ ಕೂತು ಬರೆಯುತ್ತಿದ್ದ ಪಾಠಯೋಜನೆ ಹತ್ತು ನಿಮಿಷದಲ್ಲಿ ಆಗುತ್ತೆ ಅಂತ ಕೆಲವರಿಗೆ ಖುಷಿ. ಬರೆಯುವ ಕಷ್ಟವೇ ಹೋದರೆ ಪಾಠ ಕಟ್ಟೋದನ್ನ ನಾವು ಕಲಿಯೋದು ಯಾವಾಗ ಅಂತ ಕೆಲವರಿಗೆ ಅಳುಕು. ಮಕ್ಕಳು ಹೋಮ್‌ವರ್ಕನ್ನೂ ಅದರಿಂದಲೇ ಮಾಡಿಸಿದರೆ ಹೇಗೆ ಅನ್ನೋ ಚಿಂತೆ ಎಲ್ಲರಿಗೂ ಇದೆ. ಕನ್ನಡ ಮಾಧ್ಯಮದಲ್ಲಿ ಕಲಿಸಲು ಹೊರಟವರದ್ದು ಇನ್ನೊಂದು ದೂರು: ಅದು ಕೊಡೋ ಕನ್ನಡ ಇಂಗ್ಲಿಷಿನಿಂದ ಎತ್ತಿಟ್ಟ ಹಾಗಿರುತ್ತೆ, ಉದಾಹರಣೆಗಳು ನಮ್ಮ ಮಕ್ಕಳು ಕಂಡವಲ್ಲ.

ಈ ಕೊನೆಯ ದೂರು ಚನ್ನಬಸಪ್ಪನವರ ಕಾಲದ್ದೇ. ಪಾಠ ಇನ್ನೆಲ್ಲೋ, ಇನ್ಯಾರದೋ ಅನುಕೂಲಕ್ಕೆ ತಯಾರಾಗಿ ಬರುತ್ತೆ, ತರಗತಿಯಲ್ಲಿ ಅದನ್ನು ಹೊರಬೇಕಾದವರು ಮೇಷ್ಟ್ರು. ಕೆಲಸ ಶುರುವಾಗಿಲ್ಲ ಅಂತಲ್ಲ. ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ ಸೇರಿ 2023ರಲ್ಲಿ ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರ ಜೊತೆ ‘ಶಿಕ್ಷಾ ಕೋಪೈಲಟ್’ ಅನ್ನೋ ಎಐ ಸಾಧನವನ್ನು ಪ್ರಯೋಗಕ್ಕಿಟ್ಟವು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪಾಠಯೋಜನೆ ಕೊಡುವಂಥದ್ದು. ಕೊಟ್ಟದ್ದನ್ನು ತಿದ್ದಿ ತರಗತಿಗೆ ಒಯ್ಯೋದು ಶಿಕ್ಷಕರೇ.

ಆ ತಿದ್ದುವ ಶಕ್ತಿ ಎಲ್ಲಿಂದ ಬರಬೇಕು? ತರಬೇತಿಯಿಂದಲೇ. ಪಾಠವನ್ನು ತಾನೇ ಒಮ್ಮೆ ಕಟ್ಟಿದವರಿಗೆ ಮಾತ್ರ ಯಂತ್ರ ಕಟ್ಟಿದ ಪಾಠದ ಕೊರತೆ ಕಾಣುತ್ತೆ. ಹಾಗಾಗಿ ಎಐ ಬಂತು, ಇನ್ನು ಬಿ.ಎಡ್ ಯಾಕೆ ಅನ್ನೋರ ಮಾತನ್ನು ನಾವು ಒಪ್ಪೋದಿಲ್ಲ. ಈಗಲೇ ಅದು ಹೆಚ್ಚು ಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಪ್ರತಿ ಹ್ಯಾಕಥಾನ್‌ನಲ್ಲೂ ಶಿಕ್ಷಣಕ್ಕೆ ಅಂತ ಒಂದೆರಡು ಆ್ಯಪ್ ಹುಟ್ಟುತ್ತವೆ, ಬಹುಮಾನ ಬಂದ ಮೇಲೆ ಮಲಗುತ್ತವೆ. ಮುಂದಿನ ಸಲ ಕೋಡ್ ಬರೆಯುವ ಮೊದಲು ಪಕ್ಕದ ಬಿ.ಎಡ್ ಕಾಲೇಜಿನ ಇಬ್ಬರನ್ನು ತಂಡಕ್ಕೆ ಸೇರಿಸಿಕೊಳ್ಳೋಣ. ಹೆಬ್ಬಾಳದ ಒಂದು ಸರ್ಕಾರಿ ಶಾಲೆಯ ಏಳನೇ ತರಗತಿಯಲ್ಲಿ ಒಂದು ಪಿರಿಯಡ್ ಹಿಂದಿನ ಬೆಂಚಲ್ಲಿ ಕೂತು ನೋಡೋಣ. ಎಂಜಿನಿಯರಿಂಗ್ ಕಲಿತವರು ಮೇಷ್ಟ್ರ ಪಕ್ಕ ನಿಂತರೆ ಏನಾಗಬಹುದು ಅನ್ನೋದಕ್ಕೆ ಧಾರವಾಡದಲ್ಲಿ ಒಂದು ಉದಾಹರಣೆ ಆಗಲೇ ಇದೆ.