ಗಾನಯೋಗಿ ಪಂಚಾಕ್ಷರ ಗವಾಯಿಗಳು

ಗದಗ-ಬೆಟಗೇರಿಯ ಹೆಸರು ಕೇಳಿದೊಡನೆ ಸಂಗೀತಪ್ರಿಯರಿಗೆ ನೆನಪಾಗುವುದು ವೀರೇಶ್ವರ ಪುಣ್ಯಾಶ್ರಮ. ಅಂಧ ಮಕ್ಕಳಿಗೆ ಅನ್ನ, ಆಶ್ರಯ, ವಿದ್ಯೆಗಳನ್ನಿತ್ತ ಈ ಸಂಸ್ಥೆಯನ್ನು ಕಟ್ಟಿದವರು ಸ್ವತಃ ಹುಟ್ಟುಕುರುಡರಾಗಿದ್ದ ಪಂಚಾಕ್ಷರ ಗವಾಯಿಗಳು.

ಅವರು 1892ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಬಾಲ್ಯದ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಆದರೆ ಸೋದರರಿಬ್ಬರಿಗೂ ಇಂಪಾದ ಕಂಠವಿತ್ತು. ಅವರ ಹಾಡುಗಾರಿಕೆಯನ್ನು ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು ಅವರ ವಿದ್ಯಾಭ್ಯಾಸದ ಹೊಣೆ ಹೊತ್ತರು.

ಆ ಕಾಲದಲ್ಲಿ ಕಣ್ಣಿಲ್ಲದ ಬಡಮಗುವಿನ ಪಾಡು ಕರುಣಾಜನಕವಾಗಿತ್ತು. ಅಂತಹ ಮಕ್ಕಳ ಸಂಖ್ಯೆಯೂ ಕಡಿಮೆಯಿರಲಿಲ್ಲ. ಸಿಡುಬು ತಗಲಿದ ಮಕ್ಕಳಲ್ಲಿ ಕೆಲವರಿಗೆ ಕಣ್ಣಿನ ಪಾರದರ್ಶಕ ಪಟಲದ ಮೇಲೆ ಹುಣ್ಣಾಗಿ, ಅದು ಮಾಯ್ದ ಮೇಲೆ ಬಿಳಿಯ ಕಲೆ ಉಳಿಯುತ್ತಿತ್ತು. ಜನರು ಇದನ್ನು ಕಣ್ಣಿಗೆ ಹೂ ಬಿತ್ತೆನ್ನುತ್ತಿದ್ದರು. ಪೋಷಣೆಯಿಲ್ಲದ ಮಗುವಿಗೆ ದಡಾರ ಬಂದರೆ ಎ ಜೀವಸತ್ವ ಕುಗ್ಗಿ ಕಣ್ಣು ಒಣಗುತ್ತಿತ್ತು. ನೊಣ, ಕೈ, ಬಟ್ಟೆಗಳಿಂದ ಹರಡುವ ಟ್ರಕೋಮಾ ಮತ್ತೆ ಮತ್ತೆ ತಗಲಿದರೆ ರೆಪ್ಪೆಗೂದಲು ಒಳಮುಖವಾಗಿ ಹೊರಳಿ, ಕಣ್ಣನ್ನು ಉಜ್ಜಿ ಉಜ್ಜಿ ಕೆಡಿಸುತ್ತಿತ್ತು. ಗರ್ಭಿಣಿಗೆ ತಗಲಿದ ರುಬೆಲ್ಲಾ ಹುಟ್ಟುವ ಶಿಶುವಿನ ಕಣ್ಣಿಗೆ ಪೊರೆ ತರಬಲ್ಲುದೆಂಬುದನ್ನು ಆಸ್ಟ್ರೇಲಿಯದ ವೈದ್ಯ ನಾರ್ಮನ್ ಗ್ರೆಗ್ ತೋರಿಸಿಕೊಟ್ಟದ್ದು 1941ರಲ್ಲಿ. ಅಂಧತ್ವವನ್ನು ಪೂರ್ವಕರ್ಮದ ಫಲವೆಂದು ತಿಳಿದು ಜನರು ಸುಮ್ಮನಾಗುತ್ತಿದ್ದರು.

ಪಂಚಾಕ್ಷರ ಗವಾಯಿಗಳು ಸುಮ್ಮನಾಗಲಿಲ್ಲ. ಅವರು ಕರ್ನಾಟಕ ಸಂಗೀತವನ್ನು ಅಭ್ಯಸಿಸಿ, ನೀಲಕಂಠಬುವಾ ಮಿರಜಕರರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಕಲಿತು, ಎರಡು ಪದ್ಧತಿಗಳಲ್ಲಿಯೂ ಪ್ರಭುತ್ವ ಗಳಿಸಿದರು. ಗಳಿಸಿದ ವಿದ್ಯೆ ತಮ್ಮೊಬ್ಬರ ಕೀರ್ತಿಗೆ ಮೀಸಲಾಗಬಾರದೆಂದು ನಿಶ್ಚಯಿಸಿ, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ಸಂಚರಿಸುತ್ತ ಪಾಠ ಹೇಳಿದರು. ಶಿಷ್ಯರ ಹೊಟ್ಟೆ ತುಂಬಿಸುವುದೇ ನಿತ್ಯದ ಚಿಂತೆಯಾಗಿತ್ತು. ಅದಕ್ಕಾಗಿ ಅವರು ಕಚೇರಿ ನಡೆಸಿದರು, ಭಿಕ್ಷೆ ಬೇಡಿದರು, ನಾಟಕ ಕಂಪನಿಯನ್ನೂ ಕಟ್ಟಿದರು. ಕೊನೆಗೆ ಈ ಸಂಚಾರಿ ಪಾಠಶಾಲೆ ಗದಗಿನಲ್ಲಿ ನೆಲೆ ನಿಂತಿತು. ಬೇಡಿ ಉಣ್ಣಬೇಕಾಗಿದ್ದ ಮಕ್ಕಳು ಅಲ್ಲಿ ಹಾಡಿ, ನುಡಿಸಿ, ಕಲಿಸಿ ಸ್ವಾಭಿಮಾನದಿಂದ ಬಾಳುವಂತಾದರು.

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ತೀರಿಕೊಳ್ಳುವವರೆಗೂ ಆಶ್ರಮವನ್ನು ಬೆಳೆಸಿದರು. ಬಸವರಾಜ ರಾಜಗುರು ಅವರಂತಹ ದೃಷ್ಟಿಯುಳ್ಳ ಗಾಯಕರೂ ಪಂಚಾಕ್ಷರ ಗವಾಯಿಗಳ ಗರಡಿಯಲ್ಲಿ ಪಳಗಿದವರೇ.

ಇಂದು ಕಾಲ ಬದಲಾಗಿದೆ. ಸಿಡುಬು ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ಘೋಷಿಸಲಾಯಿತು. 2017ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಸಾರಿತು. ಲಸಿಕೆ, ಶುಚಿತ್ವ, ಸತ್ವಯುತ ಆಹಾರಗಳಿಂದ ಎಷ್ಟೋ ಕಣ್ಣುಗಳನ್ನು ಉಳಿಸಬಹುದು. ಉಳಿಸಲಾಗದೆ ಹೋದಾಗ ಆ ಬಾಳು ಕತ್ತಲಾಗದಂತೆ ನೋಡಿಕೊಳ್ಳುವುದು ಸಮಾಜದ ಕರ್ತವ್ಯ. ಈ ಕರ್ತವ್ಯವನ್ನು ಕಣ್ಣಿಲ್ಲದ ಗವಾಯಿಗಳು ಕಣ್ಣುಳ್ಳವರಿಗೆ ತೋರಿಸಿಕೊಟ್ಟರು.